ಮಂಗಲವಾಗದ ಪುಸ್ತಕ

ಎರಡು ಕೈ ಜೋಡಿಸಿದ ಆ ಸಣ್ಣ ಹಳದಿ ಚಿತ್ರವನ್ನು ಯಾರಾದರೂ ಫೋನಿಗೆ ಕಳಿಸಿದರೆ ನಾನು ಈಗಲೂ ಫೋನನ್ನು ಬೋರಲು ಹಾಕಿಬಿಡುತ್ತೇನೆ. ಕಳಿಸಿದವರು ಪಾಪ, ಒಳ್ಳೆಯವರೇ ಇರುತ್ತಾರೆ. ಗೃಹಪ್ರವೇಶಕ್ಕೆ ಕರೆಯುತ್ತಿರುತ್ತಾರೆ, ಇಲ್ಲವೆ ಹಬ್ಬದ ಶುಭಾಶಯ ಹೇಳುತ್ತಿರುತ್ತಾರೆ. ಆದರೆ ನಾನು ಆ ಚಿತ್ರವನ್ನು ಮೊದಲ ಸಲ ನಿಟ್ಟಿಸಿ ನೋಡಿದ್ದು ಅವ್ವನ ಫೋನಿನಲ್ಲಿ, 'ನಮ್ಮ ನಿಮ್ಮ ಸುಂದರ ಪಯಣ ಇಲ್ಲಿಗೆ ಮುಗಿಯಿತು' ಎಂಬ ಸಾಲಿನ ಕೆಳಗೆ. ಕಿಸೆ ಕತ್ತರಿಸುವವನು ಕೂಡ ಕತ್ತರಿಸಿದ ಮೇಲೆ ನಿಂತು ಕೈ ಮುಗಿಯುವುದಿಲ್ಲ. ಅಷ್ಟು ಮರ್ಯಾದೆ ಅವನಿಗೂ ಇರುತ್ತದೆ.

ಅವ್ವ ಹುಕ್ಕೇರಿಯಲ್ಲಿ ಬಾಳಿದವಳು. ಅಲ್ಲಿಯ ಗ್ರಂಥಾಲಯದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿ, ಹೊಸವು ಯಾಕೆ ತರಿಸುವುದಿಲ್ಲ ಎಂದು ಅಲ್ಲಿದ್ದವರ ಜೊತೆ ಜಗಳ ತೆಗೆದವಳು. ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಡಬ್ಬಿಗೆ ಪುಸ್ತಕ ಆನಿಸಿಟ್ಟುಕೊಂಡು ಓದುತ್ತಿದ್ದಳು. ಅವಳು ಮರಳಿಸಿದ ಪುಸ್ತಕ ಕೊಡವಿದರೆ ಜೋಳದ ಹಿಟ್ಟು ಉದುರುತ್ತಿತ್ತು. ಅಂಥವಳಿಗೆ ವಯಸ್ಸಾದ ಮೇಲೆ ಕಣ್ಣಿನ ನಡುವಿನ ನೋಟವೇ ಹೋಯಿತು. ಬದಿಗೆ ಬಾಗಿಲು ಕಿಟಕಿ ಮಸುಕಾಗಿ ಕಾಣುತ್ತಿದ್ದವು, ಎದುರಿಗೆ ಹಿಡಿದ ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಅವಳನ್ನು ಗೋಕಾಕದ ನಮ್ಮ ಮನೆಗೆ ಕರೆದುಕೊಂಡು ಬಂದೆ. ನಾನು ದಿನಾ ಬಸ್ಸು ಹತ್ತಿ ಮೂಡಲಗಿಯ ಹೈಸ್ಕೂಲಿಗೆ ಪಾಠ ಮಾಡಲು ಹೋಗುವವಳು. ನಾನು ಹೋದ ಮೇಲೆ ಅವ್ವ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಟಿ.ವಿ. ಹಚ್ಚಿದರೆ "ಬರೇ ಒದರತಾವು" ಎಂದು ಆರಿಸುತ್ತಿದ್ದಳು.

ಆಗ ನನಗೆ ಆ ಆ್ಯಪ್ ಸಿಕ್ಕಿತು. ಕನ್ನಡ ಕಾದಂಬರಿಗಳನ್ನು ಒಳ್ಳೆಯ ದನಿಯವರು ಓದಿ ಕೇಳಿಸುತ್ತಿದ್ದರು. ಒಂದೊಂದು ಪುಸ್ತಕದ ಕೆಳಗೂ 'ಖರೀದಿಸಿ' ಎಂಬ ಗುಂಡಿ, ಅದರ ಪಕ್ಕದಲ್ಲಿ 'ಇನ್ನು ಇದು ಸದಾ ನಿಮ್ಮದು' ಎಂಬ ಮಾತು. ಪಗಾರವಾದಾಗಲೆಲ್ಲ ಒಂದೆರಡು ಖರೀದಿಸಿದೆ. ಫೋನಿನ ಗಾಜು ನುಣ್ಣಗಿರುತ್ತದೆ, ಎಲ್ಲಿ ಒತ್ತಬೇಕೆಂದು ಅವ್ವನ ಬೆರಳಿಗೆ ತಿಳಿಯುತ್ತಿರಲಿಲ್ಲ. ನನ್ನ ಹಣೆಯ ಟಿಕಳಿ ತೆಗೆದು, ಪುಸ್ತಕ ಶುರುವಾಗುವ ಗುಂಡಿಯ ಮೇಲೆ ಸರಿಯಾಗಿ ಅಂಟಿಸಿದೆ. ಅವ್ವ ಬೆರಳಾಡಿಸಿ ಟಿಕಳಿ ಹುಡುಕಿ ಒತ್ತುತ್ತಿದ್ದಳು, ಪುಸ್ತಕ ಮಾತಾಡುತ್ತಿತ್ತು. ಟಿಕಳಿ ಸವೆದರೆ ನಾನು ಇನ್ನೊಂದು ಹಚ್ಚುತ್ತಿದ್ದೆ. ಅವಳ ಫೋನಿಗೆ ಮುತ್ತೈದೆತನ ಬಂತೆಂದು ನಾನೇ ನಗಾಡಿದ್ದೆ.

ಅವ್ವನಿಗೆ ಒಬ್ಬಳೇ ತಂಗಿ, ನನ್ನ ಮೌಶಿ. ಹೈವೇ ಹತ್ತಿರದ ಕಣಗಲಾದಲ್ಲಿ ಅವಳ ಹೊಲಮನೆ. ಮೌಶಿಗೆ ಓದು ಬರುವುದಿಲ್ಲ. ಅವಳು ಸಣ್ಣವಳಿದ್ದಾಗಿನಿಂದ ಅಕ್ಕ ಓದಬೇಕು, ತಂಗಿ ಕೇಳಬೇಕು. ಈಗ ಅಕ್ಕನಿಗೂ ಓದಲಾಗದೆ ಇಬ್ಬರೂ ಸರಿಸಮ ಆಗಿಬಿಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಮೌಶಿ ನಮ್ಮ ಮನೆಯ ಹಳೆಯ ಫೋನಿಗೆ ಫೋನ್ ಹಚ್ಚುತ್ತಿದ್ದಳು. ಅವ್ವ ಆ ಫೋನನ್ನೂ ಪುಸ್ತಕದ ಫೋನನ್ನೂ ಹಾಸಿಗೆಯ ಮೇಲೆ ಎದುರುಬದರು ಇಡುತ್ತಿದ್ದಳು. ಒಂದರಲ್ಲಿ ಕಾದಂಬರಿ, ಇನ್ನೊಂದರಲ್ಲಿ ಕಣಗಲಾದಿಂದ ಮೌಶಿಯ "ಹೂಂ". ಒಮ್ಮೆ ರಜೆಯ ದಿನ ಆ ಎರಡು ಫೋನುಗಳ ಮುಂದೆ ಅವ್ವ ಕೂತದ್ದನ್ನು ನೋಡಿ, ದುಡಿದದ್ದು ಸಾರ್ಥಕವಾಯಿತು ಅನ್ನಿಸಿತ್ತು.

ಅವರಿಬ್ಬರೂ ಬಹಳ ಹಚ್ಚಿಕೊಂಡಿದ್ದ ಕಾದಂಬರಿ ಒಂದಿತ್ತು. ಅದು ಅಚ್ಚಾದ ಪುಸ್ತಕವಲ್ಲ, ಆ ಆ್ಯಪಿಗಾಗಿಯೇ ಬರೆದದ್ದು. ಒಬ್ಬಾಕೆ ತನ್ನ ಹಸುಗೂಸನ್ನು ಮಕ್ಕಳಿಲ್ಲದ ಅಕ್ಕನಿಗೆ ಕೊಟ್ಟು, ಅದೇ ಓಣಿಯಲ್ಲಿ ಚಿಕ್ಕಮ್ಮನಾಗಿ ಬದುಕುತ್ತಾಳೆ. ಕೊನೆಯ ಅಧ್ಯಾಯಕ್ಕೆ ಮೊದಲು, ಬೆಳೆದ ಮಗ ಬಾಗಿಲಲ್ಲಿ ನಿಂತು "ನನ್ನನ್ನು ಹಡೆದವರು ಯಾರು?" ಎಂದು ಕೇಳುತ್ತಾನೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

"ಆಕಿ ಹೇಳತಾಳ. ಹೇಳಲಿಲ್ಲಂದ್ರ ಆಕಿ ತಾಯಿನs ಅಲ್ಲ" ಎಂದು ಅವ್ವ.

"ಹೇಳೂದಿಲ್ಲ ನೋಡ. ಹೇಳಿದ್ರ ಅಕ್ಕನ ಗತಿ ಏನಾಗಬೇಕ?" ಎಂದು ಮೌಶಿ.

ಒಂದು ಟಿಕಳಿ ಒತ್ತಿದ್ದರೆ ಜಗಳ ಅಲ್ಲೇ ಬಗೆಹರಿಯುತ್ತಿತ್ತು. ಅವ್ವ ಒತ್ತಲಿಲ್ಲ. ನಮ್ಮ ಕಡೆ ಶ್ರಾವಣದಲ್ಲಿ ತಿಂಗಳಿಡೀ ಪುರಾಣ ಹೇಳಿಸುತ್ತಾರೆ. ಕೊನೆಯ ಅಧ್ಯಾಯಕ್ಕೆ ಮಂಗಲ ಎನ್ನುತ್ತಾರೆ. ಮಂಗಲವನ್ನು ಒಬ್ಬೊಬ್ಬರೇ ಕೇಳಿ ಎದ್ದುಹೋಗುವಂತಿಲ್ಲ. ಕೇಳಿದವರೆಲ್ಲ ಕೂಡಬೇಕು, ಗೋಧಿ ಹುಗ್ಗಿ ಆಗಬೇಕು, ಆಮೇಲೆ ಮಂಗಲ. ಅವ್ವ ಆ ರೀತಿಯನ್ನು ಕಾದಂಬರಿಗೂ ತಂದಳು. "ಫೋನಿನ್ಯಾಗ ಕೇಳಿ ಮಂಗಲ ಮಾಡೂದು ಚಲೋ ಅಲ್ಲ. ನೀ ಬಾ, ಹುಗ್ಗಿ ಮಾಡಸ್ತೇನಿ, ಇಬ್ಬರೂ ಕೂಡಿ ಕೇಳೂಣು" ಎಂದು ತಂಗಿಗೆ ಹೇಳಿದಳು. ಮೌಶಿಯ ಕಬ್ಬು ಕಟಾವಿಗೆ ಬಂದು ನಿಂತಿತ್ತು. ಕಡಿಯುವ ಟೋಳಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಅವಳು ಹೊಲ ಬಿಟ್ಟು ಏಳುವ ಹಾಗಿರಲಿಲ್ಲ. "ಕಬ್ಬ ಹೋಗಲಿ ಅಕ್ಕಾ, ಮರುದಿನಾನ ಬರ್ತೇನಿ" ಎಂದಳು. ಆಯಿತೆಂದು ಅವ್ವ ಬೇರೆ ಪುಸ್ತಕ ಕೇಳುತ್ತ ಕಾದಳು. ಮಂಗಲವಾಗದ ಪುಸ್ತಕ ಮನೆಯಲ್ಲಿರುವುದು ಅವಳಿಗೆ ಒಂದು ಸಡಗರವೇ ಆಗಿತ್ತು. ಗೋಧಿ ಕುಟ್ಟಿಸಿ ಇಡಿಸಿದ್ದಳು.

ಒಂದು ಸಂಜೆ ಮೂಡಲಗಿಯಿಂದ ಬಂದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ನಿಂತು ತಡವಾಗಿತ್ತು. ಅವ್ವ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಟಿಕಳಿ ಒತ್ತುತ್ತಿದ್ದಳು. "ಮುಂಜಾನಿಯಿಂದ ಮಾತಾಡವಲ್ತು ನೋಡವಾ. ಚಾರ್ಜ್ ಇಲ್ಲೇನ?" ಎಂದಳು. ಇಸಿದುಕೊಂಡು ನೋಡಿದರೆ ಆ ಕೈಮುಗಿದ ಚಿತ್ರ. ಕೆಳಗೆ ಸಣ್ಣಕ್ಷರದಲ್ಲಿ, ಸೇವೆಯನ್ನು ನಿಲ್ಲಿಸಲಾಗಿದೆ, ನಿಮ್ಮ ಪುಸ್ತಕದ ಕಪಾಟು ಇನ್ನು ತೆರೆಯುವುದಿಲ್ಲ, ನಿಮ್ಮ ಪ್ರೀತಿಗೆ ಋಣಿ ಎಂದಿತ್ತು. ಋಣಿಯಂತೆ! ತೆಗೆದುಕೊಂಡದ್ದನ್ನು ತಿರುಗಿ ಕೊಡುವವರು ಆಡುವ ಮಾತು ಅದು.

ಕಂಪನಿಯ ನಂಬರು ಹುಡುಕಿ ಫೋನ್ ಹಚ್ಚಿದೆ. ಬಹಳ ಹೊತ್ತು ಕೊಳಲು ಬಾರಿಸಿ ಕೇಳಿಸಿದರು. ಆಮೇಲೆ ಒಬ್ಬ ಹುಡುಗಿ ಬಂದಳು.

"ಮೇಡಂ, ನಾವು ತಿಂಗಳ ಮೊದಲಿಂದಲೇ ಸೂಚನೆ ಕೊಟ್ಟಿದ್ದೀವಿ. ನೀವು ಪ್ರತಿ ಸಲಾನೂ 'ಓದಿದ್ದೇನೆ, ಒಪ್ಪಿದ್ದೇನೆ' ಅಂತ ಒತ್ತಿದ್ದೀರ."

"ನಾನು ಒತ್ತಿಲ್ಲ."

"ನಿಮ್ಮ ಫೋನಿಂದಲೇ ಬಂದಿದೆ ಮೇಡಂ."

ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಪಕ್ಕದಲ್ಲಿ ಕೂತ ಅವ್ವ ಮೆಲ್ಲಗೆ, "ನಡನಡುವ ಎರಡೆರಡ ಸಲ ಒತ್ತಬೇಕಾಗತಿತ್ತು. ಫೋನ ಹಳೇದಾಗೈತಿ ಅನ್ಕೊಂಡಿದ್ದೆ" ಎಂದಳು. ನನಗೆ ಆಗ ಹೊಳೆಯಿತು. ಪುಸ್ತಕ ಶುರುವಾಗುವ ಜಾಗದಲ್ಲೇ ಅವರು ಆ ಒಪ್ಪಿಗೆಯ ಗುಂಡಿ ತಂದಿಟ್ಟಿದ್ದರು. ನಾನು ಅಂಟಿಸಿದ ಟಿಕಳಿಯ ನೇರಕ್ಕೆ. ಕಣ್ಣಿಲ್ಲದವಳು ಕಥೆ ಕೇಳಬೇಕೆಂದು ಒತ್ತಿದ ಬೆರಳನ್ನು ಅವರು ಸಹಿ ಎಂದು ಎಣಿಸಿಕೊಂಡಿದ್ದರು. ಪುಸ್ತಕ ಕೇಳುವ ಆ್ಯಪ್ ಅದು. ಕಣ್ಣು ಹೋದವರೇ ಅದರ ಗಿರಾಕಿಗಳು. ಅವರಿಗೆ ಓದಿಕೊಳ್ಳಿ ಎಂದು ಸಣ್ಣಕ್ಷರದ ನೋಟೀಸು! ಒಂದು ಸಲ ದನಿಯಲ್ಲಿ ಹೇಳಿದ್ದರೆ ಅವರ ಗಂಟು ಏನು ಹೋಗುತ್ತಿತ್ತು? ದನಿ ಮಾರಿಯೇ ಹೊಟ್ಟೆ ಹೊರೆದವರಲ್ಲವೆ?

"ಹಂಗಾದ್ರ ನಾನs ಕೈಯಾರೆ ಕಳಕೊಂಡೆ?" ಎಂದು ಅವ್ವ ಕೇಳಿದಳು. ಆ ಮಾತಿಗೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಹುಡುಗಿಗೆ ಆಡಬಾರದ್ದು ಆಡಿಬಿಟ್ಟೆ. ಅವಳದೇನು ತಪ್ಪು? ಅವಳೂ ಯಾರದೋ ಪಗಾರಕ್ಕೆ ಕೂತವಳು. ಆದರೂ ಅವಳು ಕೊನೆಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೀವು ಪುಸ್ತಕ ಕೊಂಡಿದ್ದಲ್ಲ ಮೇಡಂ. ಕೇಳೋಕೆ ಪರವಾನಗಿ ಕೊಂಡಿದ್ದು. ಆದರೂ ನಮ್ಮ ಕಡೆಯಿಂದ ಒಂದು ಉಡುಗೊರೆ ಬರುತ್ತೆ."

ಉಡುಗೊರೆ ಮರುದಿನ ಬಂತು. ಅದೇ ಯಜಮಾನರ ಇನ್ನೊಂದು ಆ್ಯಪಿನಲ್ಲಿ ಸಿನಿಮಾ ನೋಡುವ ಕೂಪನ್ನು. 'ಕಣ್ತುಂಬ ನೋಡಿ ಆನಂದಿಸಿ' ಎಂದು ಬರೆದಿತ್ತು. ಅದನ್ನು ಅವ್ವನಿಗೆ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಥೂ ಎಂದು ಅಳಿಸಿ ಹಾಕಿದೆ.

ಬರೆದವರನ್ನಾದರೂ ಕೇಳೋಣವೆಂದು ಆ ಕಾದಂಬರಿಯ ಲೇಖಕಿಯನ್ನು ಹುಡುಕಿ ಮೆಸೇಜು ಹಾಕಿದೆ. ಪುಸ್ತಕ ಬೇಡ, ಆಕೆ ಮಗನಿಗೆ ಹೇಳುತ್ತಾಳೋ ಇಲ್ಲವೋ ಅಷ್ಟು ತಿಳಿಸಿದರೆ ಸಾಕು, ನಮ್ಮ ಮನೆಯಲ್ಲಿ ಇಬ್ಬರು ಮುದುಕಿಯರು ಕಾಯುತ್ತಿದ್ದಾರೆ ಎಂದು ಬರೆದೆ. "ಕ್ಷಮಿಸಿ, ಆ ಕಥೆ ಈಗ ನನ್ನದಲ್ಲ. ಅದರ ಬಗ್ಗೆ ಏನೂ ಹೇಳಬಾರದೆಂದು ಸಹಿ ಮಾಡಿಕೊಟ್ಟಿದ್ದೇನೆ" ಎಂದು ಉತ್ತರ ಬಂತು. ಹೌದೋ ಅಲ್ಲವೋ ಅಷ್ಟನ್ನೇ ಹೇಳಿ ಎಂದು ಮತ್ತೆ ಕೇಳಿದೆ. ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ತಾನು ಹೆತ್ತ ಕಥೆಯ ಎದುರು ಬಾಯಿ ಮುಚ್ಚಿ ನಿಂತ ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ, ಮರುಗಬೇಕೋ ನನಗೆ ಈಗಲೂ ತಿಳಿದಿಲ್ಲ.

ಅಷ್ಟರಲ್ಲಿ ಮೌಶಿಯ ಕಬ್ಬು ಕಡಿದು ಕಾರ್ಖಾನೆಗೆ ಹೋಯಿತು, ಹೇಳಿದಂತೆ ಮರುದಿನವೇ ಮೌಶಿ ಬಂದಳು. ವಿಷಯ ಗೊತ್ತಿದ್ದೂ ಬೆಲ್ಲ, ತುಪ್ಪ ಕಟ್ಟಿಕೊಂಡು ಬಂದಿದ್ದಳು. ಗೋಧಿ ನೆನೆಸಿಯಾಗಿದೆ, ಏನು ಮಾಡುವುದು? ಹುಗ್ಗಿ ಮಾಡಿದೆ. ತಿನ್ನುವಾಗ ಮೌಶಿಗೆ ಪರವಾನಗಿಯ ಮಾತು ತಿಳಿಸಿ ಹೇಳಿದೆ. ಅವಳಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹೊಲವನ್ನು ಇಷ್ಟು ವರ್ಷಕ್ಕೆಂದು ಮಾತಾಡಿ ಇನ್ನೊಬ್ಬರಿಗೆ ಉಳಲು ಕೊಡುವುದಕ್ಕೆ ನಮ್ಮಲ್ಲಿ ಲಾವಣಿ ಎನ್ನುತ್ತಾರೆ. ಖರೀದಿಗೂ ಲಾವಣಿಗೂ ಇರುವ ಅಂತರ ನಮ್ಮ ಕಡೆ ಯಾರಿಗೂ ಕಲಿಸಬೇಕಾಗಿಲ್ಲ.

"ಅಂದ್ರ ಖರೀದಿ ಅಂತ ಹೇಳಿ ಲಾವಣಿ ಕೊಟ್ಟಾರ" ಎಂದಳು ಮೌಶಿ. "ಅದೂ ಇರ್ಲಿ. ಲಾವಣಿ ಬಿಡಿಸ್ಕೊಳ್ಳಾವ ಸೈತ ನಿಂತ ಬೆಳಿ ಕೊಯ್ಕೊಂಡ ಹೋಗ ಅಂತಾನ. ಇವ್ರು ನಿಂತ ಬೆಳಿ ಸುದ್ದಾ ಒಯ್ದಾರಲ್ಲs, ಇವ್ರ ಬಾಯಾಗ ಮಣ್ಣ ಹಾಕಲಿ."

ಆಮೇಲೆ ಅವಳೇ ಅಕ್ಕನನ್ನು ಸಮಾಧಾನ ಮಾಡಲು, "ಹೋಗ್ಲಿ ಬಿಡ, ನೀ ಹೇಳಿದಂಗ ಇರ್ಲಿ. ಆಕಿ ಹೇಳಿದ್ಲು ಅಂತ ತಿಳ್ಕೊ, ಮುಗೀತು" ಎಂದಳು. ತಿಂಗಳುಗಟ್ಟಲೆ ಹಟ ಹಿಡಿದು ವಾದ ಮಾಡಿದವಳು ಅವಳು. ಅವ್ವ ತಲೆ ಅಲ್ಲಾಡಿಸಿದಳು.

"ಅದು ನಿನ್ನ ಮಾತ ಆತು. ಆಕಿದ ಅಲ್ಲ."

ಹುಗ್ಗಿ ಪಾತ್ರೆಯಲ್ಲಿ ಬಹಳ ಉಳಿಯಿತು. ಮೌಶಿ ಎರಡು ದಿನ ಇರಬೇಕೆಂದು ಬಂದವಳು ಮರುದಿನವೇ ಎದ್ದಳು.

ಅದಾದ ಮೇಲೆ ಅವ್ವ ಮತ್ತೆ ಗೋಡೆಯ ಕಡೆ ಕೂರತೊಡಗಿದಳು. ಕೆಲವು ತಿಂಗಳು ನೋಡಿ ನನಗೆ ತಡೆಯಲಾಗದೆ, ಇನ್ನೊಂದು ಕಂಪನಿಯ ಆ್ಯಪಿನಲ್ಲಿ ಒಂದು ದೊಡ್ಡ ಕಾದಂಬರಿ ಖರೀದಿಸಿದೆ. ಹೌದು, ಮತ್ತೆ ಅದೇ ಗುಂಡಿ, ಅದೇ ಮಾತು. ಒತ್ತುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬೇರೆ ದಾರಿ ಇರಲಿಲ್ಲ. ಅವ್ವನ ಪಕ್ಕ ಕೂತು, ಹೊಸ ಪುಸ್ತಕ ಬಂದಿದೆ, ಹಚ್ಚಲೇ ಎಂದೆ. "ಮದಲ ಕಡೀ ಅಧ್ಯಾಯ ಹಚ್ಚ" ಎಂದಳು.

"ಕಡೀದು ಮದಲ ಕೇಳಿದ್ರ ಕತಿ ರುಚಿ ಹೋಗತೈತೆವ್ವಾ. ಅದನ್ನ ಮೌಶಿ ಬಂದಾಗ ಕೇಳುವಂತಿ."

"ಆಕಿ ಬರೂ ಮಟಾ ಅವ್ರು ಇಟ್ಟಿರತಾರನು?"

ಕೊನೆಯ ಅಧ್ಯಾಯವನ್ನೇ ಹುಡುಕಿ ಹಚ್ಚಿದೆ. ನಮಗೆ ಹೆಸರು ಗೊತ್ತಿಲ್ಲದ ಯಾರೋ ಸತ್ತರು, ಯಾರೋ ಅತ್ತರು. ಬಹಳ ಕಾಲ ಮಾತು ಬಿಟ್ಟಿದ್ದ ಯಾರೋ ಇಬ್ಬರು ಒಂದೇ ತಟ್ಟೆಯಲ್ಲಿ ಉಂಡರು. ಅವರು ಯಾರು, ಯಾಕೆ ಮಾತು ಬಿಟ್ಟಿದ್ದರು, ನಮಗೆ ಒಂದೂ ತಿಳಿಯಲಿಲ್ಲ. ಜೀವಮಾನವೆಲ್ಲ ಪುಟ ಹಾರಿಸದೆ ಓದಿದ ಹೆಂಗಸು, ತಲೆ ತಗ್ಗಿಸಿ, ಪರಿಚಯವೇ ಇಲ್ಲದವರ ಕೊನೆಯನ್ನು ತಂಗಿಗೆ ಕಾಯದೆ ಕೇಳಿ ಮುಗಿಸಿದಳು.

"ಆತು" ಎಂದಳು. "ಇನ್ನ ಹೋದ್ರೂ ಹೋಗ್ಲಿ. ಮದಲಿಂದ ಹಚ್ಚ."