ಹುಣಸೆಹುಳಿಗೆ ಬಿದ್ದ ಬಿಳಿ ಪುಡಿ

ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ನಮ್ಮಕ್ಕ ಒಂದೇ ಸಮನೆ ಕೆಮ್ಮುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೆಮ್ಮೂ ನಿಂತಿತು. ನನಗೆ ಭಯವಾದದ್ದು ಆಗಲೇ.

ಕಳೆದ ಭಾನುವಾರದ ಮಾತು. ಗಣಪತಿ ಹಬ್ಬ ಹತ್ತಿರ ಬಂತೆಂದು ಬೆಳಗಾವಿಯಿಂದ ಖಾನಾಪುರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಆಕೆ ಹಿತ್ತಲ ಬಚ್ಚಲಲ್ಲಿ ತಾಮ್ರದ ಹಂಡೆ ತಿಕ್ಕುತ್ತಿದ್ದಳು. (ಹಬ್ಬಕ್ಕೆ ಹಂಡೆ ಹೊಳೆಯದಿದ್ದರೆ ಆಕೆಗೆ ಊಟ ಸೇರುವುದಿಲ್ಲ.) ಮಳೆಯ ಎರಚಲು ಬರುತ್ತದೆಂದು ಬಾಗಿಲು ಹಾಕಿಕೊಂಡಿದ್ದಳು.

ನಾನೂ ಮಾಮಾನೂ, ಅಂದರೆ ಅಕ್ಕನ ಗಂಡ, ಹೆಗಲು ಕೊಟ್ಟು ಬಾಗಿಲು ಮುರಿದೆವು. ವಾಸನೆ ರಪ್ಪನೆ ಮೂಗಿಗೆ ಬಡಿಯಿತು. ಸ್ವಿಮ್ಮಿಂಗ್ ಪೂಲಿನದೇ ವಾಸನೆ, ಆದರೆ ಗಂಟಲು ಸುಡುವಂಥದ್ದು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ.

ಕಾರಿಗೆ ಹಾಕಿಕೊಂಡು ಬೆಳಗಾವಿಗೆ ಓಡಿದೆವು. ದೇಸೂರು ದಾಟಿದರೂ ಆಕೆ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಮಾಮಾ ಆಕೆಯ ಹೆಸರು ಹಿಡಿದು ಕರೆಯುತ್ತಲೇ ಇದ್ದರು. ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ.

ಆದದ್ದೇನು? ಬಾವಿಗೆ ಹಾಕಲೆಂದು ಓಣಿಯ ಹಿರಿಯರೊಬ್ಬರು ಬ್ಲೀಚಿಂಗ್ ಪೌಡರ್ ತರಿಸಿ, ಪೇಪರಿನಲ್ಲಿ ಕಟ್ಟಿ ಮನೆಮನೆಗೆ ಹಂಚಿದ್ದರು. ಹೊಳಪು ಹೆಚ್ಚಲಿ ಎಂದು ಅಕ್ಕ ಹುಣಸೆಹುಳಿಗೆ ಅದನ್ನೇ ಒಂದು ಹಿಡಿ ಕಲಸಿದಳು. ಪಕ್ಕದ ಮನೆಯಾಕೆ ಹೇಳಿಕೊಟ್ಟ ಉಪಾಯವಂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ಆ ಪುಡಿಯ ಶಕ್ತಿಯೆಲ್ಲ ಕ್ಲೋರಿನ್‌ನದು. ನೀರಿನಲ್ಲಿ ಅಳತೆಯಲ್ಲಿದ್ದರೆ ಕ್ರಿಮಿ ಕೊಲ್ಲುತ್ತದೆ. ಹುಳಿ ತಾಗಿದರೆ ಗ್ಯಾಸ್ ಆಗಿ ಎದ್ದು ಶ್ವಾಸಕೋಶಕ್ಕೇ ಇಳಿಯುತ್ತದೆ. ಹುಣಸೆಯ ಬದಲು ಟಾಯ್ಲೆಟ್ ಆ್ಯಸಿಡ್ ಆಗಿದ್ದರೆ ನಾವು ಬಾಗಿಲು ಮುರಿದೂ ಪ್ರಯೋಜನವಿರುತ್ತಿರಲಿಲ್ಲವಂತೆ. ಆ ಪುಡಿಯ ಮೇಲೆ ಸೀಮೆಎಣ್ಣೆಯೋ ಟರ್ಪೆಂಟೈನೋ ಬಿದ್ದರೆ ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದಂತೆ. ನಮ್ಮ ಮನೆಗಳಲ್ಲಿ ಇವೆಲ್ಲ ಇರುವುದೆಲ್ಲಿ? ಒಂದೇ ಮೂಲೆಯಲ್ಲಿ.

ಮರುದಿನ ಆಕ್ಸಿಜನ್ ಮಾಸ್ಕ್ ಸರಿಸಿ ಅಕ್ಕ ಮೆಲ್ಲಗೆ ಕೇಳಿದಳು: “ಹುಣಸಿಹಣ್ಣು ದಿನಾ ಸಾರಿಗೆ ಹಾಕ್ತೀವಿ. ಆ ಪುಡಿ ಕುಡಿಯೂ ನೀರಿಗೆ ಹಾಕ್ತೀವಿ. ಎರಡೂ ಹೊಟ್ಟಿಗೆ ಹೋಗೂವು ತಮ್ಮಾ, ನಂಗ ಹೆಂಗ ಗೊತ್ತಾಗಬೇಕು?”

ನಾನು ಮಾಸ್ಕನ್ನು ಮತ್ತೆ ಆಕೆಯ ಮೂಗಿಗೆ ಸರಿಯಾಗಿ ಕೂರಿಸಿದೆ. ಆಕೆ ಉಳಿದಳು, ನಿಜ. ನಾಲ್ಕು ಹೆಜ್ಜೆ ನಡೆದರೆ ಈಗಲೂ ಏದುಸಿರು.

ಮಾಮಾ ಓಣಿಯ ಮನೆಮನೆಗೆ ಹೋಗಿ ಎಚ್ಚರಿಸಿ ಬಂದಿದ್ದಾರೆ. ಎಲ್ಲರೂ ಮರುಗಿದರಂತೆ, ಪೊಟ್ಟಣ ಮಾತ್ರ ಯಾರೂ ಮರಳಿ ಕೊಡಲಿಲ್ಲವಂತೆ. ಪಕ್ಕದ ಮನೆಯಾಕೆಯಂತೂ, “ನಾವು ಹಂಗ ತಿಕ್ಕೂದರೀ, ನಮಗ ಇನ್ನೂತನಾ ಏನೂ ಆಗಿಲ್ಲ” ಎಂದಳಂತೆ.

ಹಬ್ಬ ನಾಳಿದ್ದು. ಖಾನಾಪುರದಲ್ಲಿ ಮಳೆ ನಿಂತಿಲ್ಲ. ಈ ಹೊತ್ತಿಗೆ ಯಾರ ಮನೆಯ ಬಚ್ಚಲ ಬಾಗಿಲು ಹಾಕಿದೆಯೋ?