ಮಿಷನಮ್ಮನ ಅಣುಸ್ಥಾವರ

ತುಮಕೂರಿನಲ್ಲಿ ನಮ್ಮ ಬೀದಿಯ ತಿರುವಿಗೆ ಹೊಸದೊಂದು ಹಿಟ್ಟಿನ ಮಿಷನ್ ಬಂದಿದೆ. ಮೊನ್ನೆ ಸಂಜೆ ಸ್ಕೂಲಿನಿಂದ ಬರುವಾಗ ಬಿಸಿ ರಾಗಿ ಹಿಟ್ಟಿನ ಘಮ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಜಾರುವ ಬೆಲ್ಟಿನ ಸುಟ್ಟ ರಬ್ಬರ್ ವಾಸನೆ. ಜೊತೆಗೆ ಬರುತ್ತಿದ್ದ ನಮ್ಮ ಸ್ಕೂಲಿನ ಇನ್ನೊಬ್ಬ ಮೇಡಂ ಸೆರಗನ್ನು ಮೂಗಿಗೆ ಹಿಡಿದು ಸರಸರ ನಡೆದರು. ನಾನು ಅಲ್ಲೇ ನಿಂತುಬಿಟ್ಟೆ...

ಕೆಲವು ವರ್ಷಗಳ ಹಿಂದೆ ನಿಟ್ಟೂರಿನಾಚೆಯ ಒಂದು ಹಳ್ಳಿಯಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್ ಆಗಿದ್ದೆ. ಬಾಡಿಗೆಗೆ ಸಿಕ್ಕಿದ್ದು ಹಿಟ್ಟಿನ ಮಿಷನ್‌ಗೆ ಅಂಟಿಕೊಂಡ ಒಂದು ಕೋಣೆ. ಅದರ ಒಡತಿಯನ್ನು ಊರೆಲ್ಲ ಮಿಷನಮ್ಮ ಎಂದೇ ಕರೆಯುತ್ತಿತ್ತು. ಹುಬ್ಬು, ರೆಪ್ಪೆ, ಕೂದಲು ಎಲ್ಲ ಹಿಟ್ಟಿನಿಂದ ಬೆಳ್ಳಗೆ. ಹಬ್ಬದ ದಿನ ತಲೆಗೆ ನೀರು ಹಾಕಿಕೊಂಡು ಬಂದರೆ ಯಾರೋ ನೆಂಟರು ಬಂದಿದ್ದಾರೆಂದು ಜನ ಮಾತಾಡಿಸದೆ ಹೋಗುತ್ತಿದ್ದರು. ಗಂಡ ತೀರಿಕೊಂಡಾಗ “ಮಿಷನ್ ಮಾರಿಬುಡು” ಎಂದ ಮೈದುನನಿಗೆ “ಮೊದ್ಲು ನಿನ್ನ ಮಾರ್ತೀನಿ, ಯಾರಾರ ಕೊಂಡ್ಕಂಡ್ರೆ” ಎಂದಿದ್ದರಂತೆ.

ಮಿಷನ್ ಓಡಲು ತ್ರೀ ಫೇಸ್ ಕರೆಂಟು ಬೇಕು. ಅದೋ ತನಗೆ ಮನಸ್ಸು ಬಂದಾಗ ಬರುವ ಅತಿಥಿ. ಬಂತೆಂದು ಗೊತ್ತಾದರೆ ಹೆಂಗಸರು ಒಲೆಯ ಮೇಲಿನ ಸಾರನ್ನು ಅಲ್ಲೇ ಬಿಟ್ಟು ಡಬ್ಬ ಹಿಡಿದು ಓಡಿಬರುತ್ತಿದ್ದರು. ಅರ್ಧ ಬೀಸುವಷ್ಟರಲ್ಲಿ ಕರೆಂಟು ಹೋದರೆ, ಒಳಗೆ ಸಿಕ್ಕಿಕೊಂಡ ರಾಗಿ ಯಾರದು ಎಂದು ಜಗಳ. ಬೇಸತ್ತ ಕೆಲವರು ಚೀಲವನ್ನು ಸ್ಕೂಟರ್‌ಗೆ ಹೇರಿಕೊಂಡು ಗುಬ್ಬಿಗೇ ಹೋಗತೊಡಗಿದರು. ತನ್ನ ಬಾಗಿಲ ಮುಂದೆಯೇ ಹಾದುಹೋಗುವ ಆ ಚೀಲಗಳನ್ನು ನೋಡುತ್ತಾ ಮಿಷನಮ್ಮ ಸುಮ್ಮನೆ ನಿಲ್ಲುತ್ತಿದ್ದರು. ಹೀಗೇ ಆದರೆ ಇನ್ನೊಂದು ವರ್ಷಕ್ಕೆ ಮಿಷನ್ ಗುಜರಿಗೆ ಹೋಗುತ್ತದೆಂದು ಅವರಿಗೂ ಗೊತ್ತಿತ್ತು.

ಅಂಥ ಒಂದು ಭಾನುವಾರ, ಕರೆಂಟಿಗೆ ಕಾಯುತ್ತಾ ಅವರ ಜಗುಲಿಯಲ್ಲಿ ಪೇಪರ್ ಓದುತ್ತಿದ್ದೆ. ಸಣ್ಣ ಅಣುಸ್ಥಾವರಗಳ ಬಗ್ಗೆ ಒಂದು ಲೇಖನವಿತ್ತು. ಕಾರ್ಖಾನೆಯಲ್ಲೇ ಮಾಡಿ, ಲಾರಿಯಲ್ಲಿ ತಂದಿಳಿಸಿ, ಒಮ್ಮೆ ಇಂಧನ ತುಂಬಿದರೆ ವರ್ಷಗಟ್ಟಲೆ ಕರೆಂಟು ಕೊಡುವಂಥವು ಮುಂದೆ ಬರಲಿವೆಯಂತೆ. ವಿಜ್ಞಾನದ ಟೀಚರಿಗೆ ಕೇಳುವವರು ಸಿಕ್ಕರೆ ಕೇಳಬೇಕೆ! ಮಿಷನಮ್ಮನಿಗೆ ಕೈ ಬಾಯಿ ತಿರುಗಿಸಿ ವಿವರಿಸಿದೆ.

“ಲಾರಿ ಮ್ಯಾಲೇ ಬತ್ತದಾ?” ಎಂದರು.

“ಹಾಗಂತಾರೆ. ಆದ್ರೆ ಇನ್ನೂ ಬಂದಿಲ್ಲ.”

“ಇನ್ನೂ ಬಂದಿಲ್ಲ ಅಂದ್ರೆ ಬತ್ತದೆ ಅಂತ್ಲೇ ಅಲ್ವಾ?”

ಎದ್ದುಹೋಗಿ ಮಿಷನ್ ಹಿಂದಿನ ಜಾಗವನ್ನು ಹೆಜ್ಜೆಯಲ್ಲಿ ಅಳೆದರು. ತೆಂಗಿನ ಮಟ್ಟೆಯ ರಾಶಿಯನ್ನು ಅವತ್ತೇ ಬೇರೆ ಕಡೆ ಹಾಕಿಸಿದರು. ನಾನು ನಕ್ಕು ಸುಮ್ಮನಾದೆ. ಅದೇ ನಾನು ಮಾಡಿದ ತಪ್ಪು.

ಮುಂದಿನ ಗ್ರಾಮಸಭೆಯಲ್ಲಿ ಮಿಷನಮ್ಮ ಎದ್ದುನಿಂತು, ಊರಿಗೊಂದು ಸಣ್ಣ ಅಣುಸ್ಥಾವರ ಬೇಕು, ಜಾಗ ತಾನೇ ಕೊಡುತ್ತೇನೆ ಎಂದರು. “ಅದೇನಮ್ಮಾ ಅದು?” ಎಂದು ಅಧ್ಯಕ್ಷರು ಕೇಳಿದರೆ ನನ್ನ ಕಡೆ ಕೈ ತೋರಿಸಿದರು. ಬೆವರುತ್ತಾ ಎದ್ದೆ. ಪ್ರಶ್ನೆಗಳು ಸುರಿದವು. ಅದರ ಬಿಸಿಗೆ ಕೊಬ್ಬರಿ ಒಣಗಿಸಬಹುದೇ? ತೆಂಗಿನ ಮರ ಹರಳುಗಾಯಿಗಳನ್ನು ಎಳೆಯದರಲ್ಲೇ ಉದುರಿಸಿಬಿಡುತ್ತದೆಯೇ? ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, “ಮೋಟ್ರು ಕೆಟ್ರೆ ಗುಬ್ಬಿಯಿಂದ ಮೆಕ್ಯಾನಿಕ್ ಬರಕ್ಕೇ ಮೂರ್ ದಿನ ಆಯ್ತದೆ. ಇದು ಕೆಟ್ರೆ ಯಾರ್ ಬರ್ತಾರೆ?” ಎಂದರು. ಇಡೀ ಸಭೆಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆ ಇನ್ನೊಂದಿರಲಿಲ್ಲ. ಅಪಾಯವೂ ಇದೆ, ಉಳಿಯುವ ಕಸವನ್ನು ತಲೆಮಾರುಗಟ್ಟಲೆ ಕಾಯಬೇಕು, ಸರ್ಕಾರ ಬಿಟ್ಟರೆ ಬೇರೆ ಯಾರೂ ಸ್ಥಾವರ ಇಟ್ಟುಕೊಳ್ಳುವ ಹಾಗಿಲ್ಲ ಎಂದು ನಾನು ತೊದಲಿದೆ.

“ಕೂತ್ಕಳಿ ಟೀಚರಮ್ಮ,” ಎಂದರು ಮಿಷನಮ್ಮ. “ಅವತ್ತು ನೀವು ಹಿಂಗ್ ಹೇಳ್ಲಿಲ್ಲ.”

ಹೇಳಿರಲಿಲ್ಲ, ನಿಜ. ಅರ್ಜಿ ಹೋಯಿತು. ಅದಕ್ಕೆ ಉತ್ತರ ಬರಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಹೆಡ್‌ಮಾಸ್ಟರು ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದರು: “ಮೇಡಂ, ನಿಮ್ಮದು ಬಂದಿದೆಯಂತೆ. ಮಕ್ಕಳಿಗೆ ರಜಾ ಕೊಡಬೇಕಾ?”

ಓಡಿದೆ. ಮಿಷನ್ ಮುಂದೆ ದೊಡ್ಡದೊಂದು ಲಾರಿ. ಅದರ ಮೇಲೆ ಟಾರ್ಪಾಲ್ ಹೊದ್ದ ದುಂಡನೆಯ ಏನೋ ಒಂದು. ಅರ್ಧ ಊರು ಲಾರಿಯ ಸುತ್ತ ನೆರೆದಿತ್ತು, ಇನ್ನರ್ಧ ದೂರದ ಹುಣಸೆ ಮರದ ಹಿಂದಿನಿಂದ ಇಣುಕುತ್ತಿತ್ತು. ಒಬ್ಬನಂತೂ ಎಮ್ಮೆ ಬಿಚ್ಚಿಕೊಂಡು ರೈಲ್ವೆ ಹಳಿಯ ಕಡೆ ಹೊರಟೇಬಿಟ್ಟಿದ್ದ. ಮಿಷನಮ್ಮ ಮಾತ್ರ ಮುಖ ತೊಳೆದು, ಹೊಸ ಸೀರೆ ಉಟ್ಟು, ಲಾರಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಕಾಯಿ ಒಡೆದೂ ಆಗಿತ್ತು. ಡ್ರೈವರ್ ಪಾಪ ಕಿಟಕಿಯಿಂದ ತಲೆ ಹೊರಹಾಕಿ ಕೇಳುತ್ತಲೇ ಇದ್ದ: “ಅಮ್ಮಾ, ಹಾಲಿನ ಡೈರಿ ಯಾವ ಕಡೆ ಹೇಳ್ರಮ್ಮಾ...”

ಹಾಲು ತಣ್ಣಗಿಡುವ ತೊಟ್ಟಿ ಅದು.

ಊರು ಬಿದ್ದುಬಿದ್ದು ನಕ್ಕಿತು. ಮಿಷನಮ್ಮ ಕಾಯಿ ಹೋಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ, ನಿಂತ ಮಿಷನ್ ಪಕ್ಕ ಗೋಡೆಗೆ ಒರಗಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ನನ್ನಿಂದಲೇ ಹೀಗಾಯಿತು ಎಂದೆ.

“ನೀವ್ ಹೇಳಿದ್ದು ಸುಳ್ಳಾ?”

“ಸುಳ್ಳಲ್ಲ. ಅದಕ್ಕಿನ್ನೂ ಕಾಲ ಬಂದಿಲ್ಲ.”

“ಹಂಗಾದ್ರೆ ಅಳ್ಬೇಡಿ ಬುಡಿ.” ಆಗಲೇ ನನಗೆ ಗೊತ್ತಾದದ್ದು ನನ್ನ ಕಣ್ಣು ಒದ್ದೆಯಾಗಿದ್ದು. ಸೆರಗಿನಿಂದ ಕಾಯಿ ಹೋಳು ಹೊರತೆಗೆಯುತ್ತಾ ಅವರೇ ಕೇಳಿದರು: “ಅಲ್ಲಾ, ಆ ತೊಟ್ಟಿಗೆ ಕರೆಂಟು ಬ್ಯಾಡ್ವಾ?”

ಬೇಕಿತ್ತು. ದಿನವಿಡೀ, ಅದೂ ತ್ರೀ ಫೇಸ್. ಮಿಷನಮ್ಮ ಕಾಯಿ ಹೋಳು ಹಿಡಿದೇ ಎದ್ದು ಡೈರಿಗೆ ನಡೆದರು. ಕರೆಂಟಿಲ್ಲದೆ ಹಾಲು ಒಡೆದರೆ ಏನು ಗತಿ ಎಂದು ಮನೆಮನೆಗೂ ಹೋಗಿ ಹೆದರಿಸಿದರು. ಅಣುವಿಗೆ ನಕ್ಕವರೆಲ್ಲ ಹಾಲೆಂದ ಕೂಡಲೇ, ಡೈರಿಗೆ ಬೇರೆ ಲೈನ್ ಬೇಕೆಂಬ ಅರ್ಜಿಗೆ ಸಹಿ ಹಾಕಿದರು. ಡೈರಿಗೆ ಬೇರೆ ಲೈನ್ ಮಂಜೂರಾಯಿತು. ಕಂಬ ನೆಡಲು ಬಂದವರಿಗೆ ಮೂರು ದಿನ ಮುದ್ದೆ ಊಟ ಹಾಕಿ, ಮೇಲಿನವರ ಕಾಲಿಗೆ ಬಿದ್ದೋ ಕೈ ಹಿಡಿದೋ ಒಪ್ಪಿಗೆ ಪಡೆದು, ಅದೇ ಲೈನನ್ನು ಮಿಷನ್‌ಗೂ ಎಳೆಸಿಕೊಂಡರು. ಗುಬ್ಬಿಗೆ ಹೋಗುತ್ತಿದ್ದ ಚೀಲಗಳು ಒಂದೊಂದಾಗಿ ವಾಪಸ್ ಬಂದವು. ಊರವರ ಬಾಯಲ್ಲಿ ಅದಕ್ಕೆ ‘ಅಣು ಮಿಷನ್’ ಎಂಬ ಹೆಸರು ನಿಂತಿತು. ಬೋರ್ಡಿನಲ್ಲಿ ಹಾಗೇ ಬರೆಸಲು ಹೊರಟಿದ್ದ ಮಿಷನಮ್ಮನನ್ನು ನಾನೇ ತಡೆದೆ.

ನನಗೆ ತುಮಕೂರಿಗೆ ವರ್ಗವಾದ ಮೇಲೂ ಫೋನ್ ಮಾಡುತ್ತಿದ್ದರು. ಕ್ಷೇಮ ಸಮಾಚಾರಕ್ಕೂ ಮೊದಲು ಒಂದೇ ಪ್ರಶ್ನೆ: “ಟೀಚರಮ್ಮ, ಪೇಪರ್ನಾಗೆ ಏನಾರ ಬಂತಾ?” ಬಂದಿದ್ದರೆ ಓದಿ ಹೇಳುತ್ತಿದ್ದೆ. ಈಗ ಅಪಾಯವನ್ನೂ ಸೇರಿಸಿ ಹೇಳುತ್ತಿದ್ದೆ. ಅವರು “ಹೂಂ” ಎನ್ನುತ್ತಿದ್ದರು, ಅಷ್ಟೆ.

ಹೋದ ವರ್ಷ ಪರೀಕ್ಷೆಯ ದಿನಗಳಲ್ಲಿ ಒಮ್ಮೆ ಅವರ ಕರೆ ಬಂದಿತ್ತು. ಕೊಠಡಿಯಲ್ಲಿದ್ದೆ, ತೆಗೆಯಲಿಲ್ಲ. ಭಾನುವಾರ ನಿಧಾನವಾಗಿ ಮಾತಾಡಿದರಾಯಿತು ಎಂದುಕೊಂಡೆ... ಆ ಭಾನುವಾರ ಮರೆತೆ, ಮುಂದಿನದನ್ನೂ ಮರೆತೆ. ಆಮೇಲೆ ಗುಬ್ಬಿ ಬಸ್ ಸ್ಟಾಂಡಿನಲ್ಲಿ ಆ ಊರಿನ ಹಳೆಯ ವಿದ್ಯಾರ್ಥಿನಿ ಸಿಕ್ಕಳು. “ಮಿಷನಮ್ಮ ಹೋಗ್ಬುಟ್ರಲ್ಲ ಮಿಸ್, ನಿಮ್ಗೆ ಗೊತ್ತಾಗ್ಲಿಲ್ವಾ?” ಎಂದಳು. ತಿಥಿಯೂ ಮುಗಿದಿತ್ತು.

ಸಣ್ಣ ಅಣುಸ್ಥಾವರಗಳ ಸುದ್ದಿ ಪೇಪರಿನಲ್ಲಿ ಈಗಲೂ ಬರುತ್ತದೆ. ಈಗಲೂ, ಇನ್ನೇನು ಬರಲಿವೆ ಎಂದೇ ಬರೆಯುತ್ತಾರೆ. ಕೊನೆಯ ಸಾಲಿನವರೆಗೂ ಓದುತ್ತೇನೆ. ಯಾರಿಗೂ ಹೇಳುವುದಿಲ್ಲ.