ನೀರುಗಂಟಿ ಶಿವನಂಜಪ್ಪನೂ ಹಾಲೆಂಡಿನ ವಿಲ್ಲಪ್ಪನೂ

ಊರ ಕೆರೆಯ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವವನೇ ನೀರುಗಂಟಿ. ಕಂಪಲಾಪುರದಿಂದ ಎರಡು ಮೈಲಿ ಆಚೆಯ ಆ ಊರಿನಲ್ಲಿ ಈ ಕೆಲಸ ಶಿವನಂಜಪ್ಪನ ಮನೆತನದ್ದು. ನಾಟಿ ಕಾಲದಲ್ಲಿ ಊರೆಲ್ಲ ಅವನಿಗೆ ಕೈಮುಗಿಯುತ್ತಿತ್ತು. ಸುಗ್ಗಿ ಮುಗಿದು ಅವನ ಪಾಲಿನ ಭತ್ತ ಅಳೆಯುವಾಗ ಅಳತೆ ಕಮ್ಮಿಯಾಗಲೆಂದು ಅದೇ ಕೈಗಳ ಹೆಬ್ಬೆರಳು ಕೊಳಗದೊಳಗೆ ಇಳಿದಿರುತ್ತಿತ್ತು. ಶಿವನಂಜಪ್ಪ ಕಂಡೂ ಕಾಣದಂತೆ ಮೀಸೆ ನೀವಿಕೊಳ್ಳುತ್ತಿದ್ದ. ಅವನಿಗೆ ತನ್ನ ಗಾಂಭೀರ್ಯದ ಮೇಲೆ ಬಲು ಅಭಿಮಾನ.

ಇಷ್ಟು ಗಂಭೀರ ಮನುಷ್ಯ ಹದಿನಾಲ್ಕು ವರ್ಷದಿಂದ ಕಳ್ಳತನ ಮಾಡುತ್ತಿದ್ದ. ತೂಬಿನ ಪಕ್ಕ, ಏರಿಯ ಬುಡದಲ್ಲಿ, ಎರಡು ಬೆರಳು ದಪ್ಪದ ಒಂದು ಸೋರಿಕೆ ಇತ್ತು. ಹಳೇ ಏರಿ, ಸೋರುತ್ತದೆ ಎಂದು ಊರು ನಂಬಿತ್ತು. ಅಲ್ಲಿದ್ದ ಕಲ್ಲೊಂದನ್ನು ಬೇಸಿಗೆಯಲ್ಲಿ ಸಡಿಲಿಸಿ, ಮಳೆಗಾಲದಲ್ಲಿ ಬಿಗಿದು, ಆ ಸೋರಿಕೆಯನ್ನು ಸಾಕುತ್ತಿದ್ದವನು ಶಿವನಂಜಪ್ಪ. ನೀರು ಹೋಗಿ ಸೇರುತ್ತಿದ್ದದ್ದು ಕುಳ್ಳಮ್ಮನ ಅರ್ಧ ಎಕರೆಗೆ. ಕೆರೆಯ ನೀರಿಗೆ ಹಕ್ಕಿದ್ದ ಅಚ್ಚುಕಟ್ಟಿನಲ್ಲಿ ಆ ಗದ್ದೆ ಸೇರಿರಲಿಲ್ಲ. ಕುಳ್ಳಮ್ಮ ಗಂಡ ಸತ್ತವಳು, ಶಿವನಂಜಪ್ಪ ಹೆಂಡತಿ ಸತ್ತವನು. ಅವಳೆಂದರೆ ಅವನಿಗೆ ಪ್ರಾಣ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆ ಮೀಸೆಯಲ್ಲಿ ಇರಲಿಲ್ಲ.

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಆ ಊರಿಗೆ ಹಾಲೆಂಡಿನಿಂದ ವಿಲೆಮ್ ಎಂಬುವನು ಬಂದ. ಅವನ ಹೆಂಡತಿ ಆನ್ನಾ ಬೈಲಕುಪ್ಪೆಯ ಟಿಬೆಟಿನವರ ಮಧ್ಯೆ ನರ್ಸಾಗಿದ್ದಳು. ಅವನು ದೊಡ್ಡ ಹಿಡುವಳಿದಾರ ನಂಜುಂಡಸ್ವಾಮಿಗಳಿಂದ ಎರಡೆಕರೆ ಗುತ್ತಿಗೆ ಹಿಡಿದು ತರಕಾರಿ ಹಾಕಿದ. ಊರವರು ಅವನಿಗೆ ವಿಲ್ಲಪ್ಪ ಎಂದು ಹೆಸರಿಟ್ಟರು. ಅವನು ಕನ್ನಡ ಕಲಿತದ್ದು ನೀರಿನ ಸರದಿಗೆ ಜಗಳ ಆಡುವವರ ಪಕ್ಕದಲ್ಲಿ ನಿಂತು. ಹಾಗಾಗಿ ಮೊದಲ ಆರು ತಿಂಗಳು ಅವನಿಗೆ ಬರುತ್ತಿದ್ದದ್ದು ಬರೀ ಬೈಗುಳ.

ಸಂಜೆ ಏರಿಯ ಮೇಲೆ ಕೂತು ಅವನು ಶಿವನಂಜಪ್ಪನಿಗೆ ತನ್ನ ಕತೆ ಹೇಳುತ್ತಿದ್ದ. ಅವರ ಹೊಲ ಸಮುದ್ರಕ್ಕಿಂತ ತಗ್ಗಿನಲ್ಲಿತ್ತಂತೆ. ಐವತ್ತಮೂರರಲ್ಲಿ ಕಟ್ಟೆ ಒಡೆದು ಸಮುದ್ರವೇ ಒಳಗೆ ನುಗ್ಗಿ, ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುಗಳೆಲ್ಲ ಸತ್ತವಂತೆ. ಆಮೇಲೆ ದೊಡ್ಡಣ್ಣ ಕೆನಡಾಕ್ಕೆ ಹಡಗು ಹತ್ತಿದ, ಇನ್ನೊಬ್ಬ ಆಸ್ಟ್ರೇಲಿಯಾಕ್ಕೆ. ದೊಡ್ಡಣ್ಣ ಮೊದಲ ಚಳಿಗಾಲ ಕಳೆದದ್ದು ಒಂದು ಕೋಳಿಗೂಡಿನಲ್ಲಿ. ಊರಿಗೆ ಮಾತ್ರ ಬಂಗಲೆ ಅಂತ ಬರೆದಿದ್ದ. ಹಡಗಿನ ಖರ್ಚಿಗೆ ಸರ್ಕಾರವೇ ಸಹಾಯ ಮಾಡಿತ್ತು.

"ಸರ್ಕಾರವೇ ಕಾಸು ಕೊಟ್ಟು ಊರು ಬುಡಿಸ್ತಾ?" ಶಿವನಂಜಪ್ಪ ಬಾಯಿ ತೆರೆದ.

"ಊಂ ಕಣಣ್ಣ. ಜನ ಜಾಸ್ತಿ, ನೆಲ ಕಮ್ಮಿ. ಓಗ್ರಲಾ ಅಂದ್ರು."

ಶಿವನಂಜಪ್ಪನಿಗೆ ಅದಕ್ಕಿಂತ ಸೋಜಿಗವಾದದ್ದು ಹೊಲದಲ್ಲಿ ನಿಂತ ನೀರನ್ನು ಎತ್ತಿ ಸಮುದ್ರಕ್ಕೆ ಚೆಲ್ಲುವ ದೇಶವೂ ಒಂದಿದೆ ಎನ್ನುವುದು. ಅಲ್ಲಿಯ ನೀರುಗಂಟಿಗಳಿಗೆ ತಲೆ ಕೆಟ್ಟಿರಬೇಕು ಎಂದುಕೊಂಡ.

ಅರವತ್ತೊಂಬತ್ತರ ಕಾರ್ತೀಕದಲ್ಲಿ ಶಿವನಂಜಪ್ಪ ತಂಗಿಯ ಮಗಳ ಮದುವೆಗೆಂದು ಬೆಟ್ಟದಪುರಕ್ಕೆ ಹೋದ. ನಾಲ್ಕನೇ ದಿನ ಬಂದು ನೋಡಿದರೆ ಸೋರಿಕೆ ಇಲ್ಲ. ವಿಲ್ಲಪ್ಪ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ಹಲ್ಲು ಕಿರಿಯುತ್ತಾ ನಿಂತಿದ್ದ. ಏರಿಯ ಬುಡದಲ್ಲಿ ನೀರು ತೊಟ್ಟಿಕ್ಕುವುದನ್ನು ಕಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಮೂರು ದಿನ ಒಬ್ಬನೇ ಜೇಡಿಮಣ್ಣು ಹೊತ್ತು, ಹುಲ್ಲು ಸೇರಿಸಿ ಬಡಿದು ದಮ್ಮಸು ಮಾಡಿ, ಒಂದು ಹನಿಯೂ ಜಿನುಗದಂತೆ ಮುಚ್ಚಿದ್ದ.

"ನೀನು ಒಬ್ನೇ ಎಷ್ಟು ಒದ್ದಾಡ್ತಿದ್ದೆ ಅಣ್ಣ. ಇನ್ ಭಯ ಇಲ್ಲ ಬುಡು," ಎಂದ.

ಒಳ್ಳೆಯವರ ಕಾಟ ತಡೆಯುವುದು ಬಹಳ ಕಷ್ಟ. ಶಿವನಂಜಪ್ಪ ಅಳಲಿಲ್ಲ ಅಷ್ಟೆ. ಕುಳ್ಳಮ್ಮನ ಭತ್ತ ಹೊಡೆಗೆ ಬಂದಿತ್ತು, ತೆನೆ ಹೊರಡುವ ಹೊತ್ತು. ಎಂಟು ದಿನದಲ್ಲಿ ಗದ್ದೆ ಬಿರುಕು ಬಿಟ್ಟಿತು. ಇನ್ನು ಒಂದು ವಾರ ನೀರಿಲ್ಲದಿದ್ದರೆ ಅವಳಿಗೆ ಆ ವರ್ಷ ಜೊಳ್ಳೇ ಗತಿ. ಸುಮ್ಮನಿದ್ದರೆ ಅವಳ ಅನ್ನ ಹೋಗುತ್ತಿತ್ತು, ಬಾಯಿಬಿಟ್ಟರೆ ಮೂರು ತಲೆಮಾರಿನ ಕೆಲಸ ಹೋಗುತ್ತಿತ್ತು.

ಊರಿನವರು ಮಾತ್ರ ಖುಷಿಯಾಗಿದ್ದರು. ಸೋಮವಾರ ಅರಳಿಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿ ವಿಲ್ಲಪ್ಪನಿಗೆ ಶಲ್ಯ ಹೊದಿಸಿದರು. ನಂಜುಂಡಸ್ವಾಮಿಗಳು ಚೆಂಡುಹೂವಿನ ಹಾರವನ್ನು ಶಿವನಂಜಪ್ಪನ ಕೈಗೆ ಕೊಟ್ಟು, "ಇಷ್ಟು ವರ್ಷ ನಿನ್ನ ಕೈಲಿ ಆಗದ ಕೆಲ್ಸವ ಈ ಹೊರಗಿನೋನು ಮಾಡವ್ನೆ. ನೀನೇ ಹಾಕು," ಎಂದರು.

ಶಿವನಂಜಪ್ಪ ಹಾರ ಹಿಡಿದು ನಿಂತ. ಹೆಂಗಸರ ಗುಂಪಿನ ಹಿಂದೆ ಕುಳ್ಳಮ್ಮ ನಿಂತಿದ್ದಳು. ಎಂಟು ದಿನದಲ್ಲಿ ಅವಳ ಮುಖ ಬಾಡಿಹೋಗಿತ್ತು.

"ಅದು ಸೋರ್ತಿರ್ಲಿಲ್ಲ ಸ್ವಾಮಿ. ನಾನೇ ಬುಡ್ತಿದ್ದೆ."

"ಏನಂದೆ?"

"ಕುಳ್ಳಮ್ಮನ ಗದ್ದೆಗೆ ಬುಡ್ತಿದ್ದೆ ಕಣ್ರೀ, ಹದ್ನಾಕು ವರ್ಷದಿಂದ. ಭತ್ತ ಒಣಗ್ತಾ ಅದೆ. ಅವಳಿಗೊಂದು ಪಾಲು ನೀರು ಕೊಡಿ. ನನ್ನ ಏನಾರಾ ಮಾಡ್ಕಳಿ."

ಯಾರೋ ಕಿಸಕ್ಕನೆ ನಕ್ಕರು. ನಂಜುಂಡಸ್ವಾಮಿಗಳು ನಗಲಿಲ್ಲ. ಅಚ್ಚುಕಟ್ಟಿಗೆ ಸೇರದ ಗದ್ದೆಗೆ ಒಂದು ಹನಿಯೂ ಇಲ್ಲ, ನಾಳೆಯಿಂದ ತೂಬಿಗೆ ಬೇರೆಯವನು ಎಂದು ಅಲ್ಲೇ ತೀರ್ಮಾನ ಹೇಳಿದರು. ವಿಲ್ಲಪ್ಪನ ಮುಖ ಅವನು ಬೆಳೆದ ಟೊಮ್ಯಾಟೊಗಿಂತ ಕೆಂಪಾಯಿತು. ಶಲ್ಯ ಕಿತ್ತು ಕಟ್ಟೆಯ ಮೇಲಿಟ್ಟು, "ಮತ್ತೆ ತೂತು ಮಾಡಾಕೂ ಆಗಕಿಲ್ಲ. ಕೆರೆ ತುಂಬೈತೆ, ಏರಿ ಒಡೀತದೆ. ತಪ್ಪಾಯ್ತಣ್ಣ," ಎಂದ.

ಕುಳ್ಳಮ್ಮ ಹೆಂಗಸರನ್ನು ತಳ್ಳಿಕೊಂಡು ಮುಂದೆ ಬಂದಳು.

"ನಾನು ಗಂಗಮ್ಮನ ಕೃಪೆ ಅಂದ್ಕಂಡಿದ್ದೆ. ವರ್ಷವರ್ಷ ಅಲ್ಲಿ ಕಾಯಿ ಒಡ್ದೆ, ಮಡ್ಲಕ್ಕಿ ಇಟ್ಟೆ. ನೀನು ಪಕ್ಕದಲ್ಲೇ ನಿಂತ್ಕಂಡು ಪ್ರಸಾದ ತಿಂದಿದ್ದೀಯಲ್ಲೋ! ಯಾಕೆ ಏಳ್ಲಿಲ್ಲ?"

"ನಾಚ್ಕೆ ಆಯ್ತಿತ್ತು," ಎಂದ ಶಿವನಂಜಪ್ಪ.

ಅವಳು ಮನೆ ಕಡೆ ಹೊರಟುಹೋದಳು. ಅವತ್ತು ಅವನಿಗೆ ಕೆಲಸ ಹೋದದ್ದಕ್ಕಿಂತ ಅವಳು ತಿರುಗಿ ನೋಡದೆ ಹೋದದ್ದೇ ಹೆಚ್ಚು ನೋವಾಯಿತು.

ಕುಳ್ಳಮ್ಮನ ಗದ್ದೆಯ ಮೂಲೆಯಲ್ಲಿ ಒಂದು ಹಳೇ ಬಾವಿಯೂ ಏತವೂ ಇದ್ದವು. ಏತದ ಮರದ ಮೇಲೆ ಒಬ್ಬರು ಹಿಂದೆ ಮುಂದೆ ನಡೆಯಬೇಕು, ಕೆಳಗೊಬ್ಬರು ಬಾನಿ ಹಿಡಿದು ನೀರು ಸುರಿಯಬೇಕು. ಗಂಡ ಸತ್ತ ಮೇಲೆ ಅದನ್ನು ಯಾರೂ ಹತ್ತಿರಲಿಲ್ಲ. ಮರುದಿನ ಬೆಳಗ್ಗೆ ಶಿವನಂಜಪ್ಪ ಅವಳ ಬಾಗಿಲು ತಟ್ಟದೆ, ಹೇಳದೆ ಕೇಳದೆ ಹೋಗಿ ಏತ ಹತ್ತಿದ. ಸ್ವಲ್ಪ ಹೊತ್ತಿಗೆ ಕುಳ್ಳಮ್ಮ ಸೆರಗು ಬಿಗಿದು ಬಂದು ಬಾನಿ ಹಿಡಿದಳು. ಬಿರುಕು ಬಿಟ್ಟ ಗದ್ದೆಯೊಳಗೆ ನೀರು ಇಳಿಯತೊಡಗಿತು.

ಬಿಸಿಲೇರುವ ಹೊತ್ತಿಗೆ ರಸ್ತೆಯಲ್ಲಿ ಅರ್ಧ ಊರು ನಿಂತಿತ್ತು. ಅವಳ ಚಿಕ್ಕಪ್ಪನ ಮಗ ನಿಂಗಯ್ಯ ಗಾಡಿ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ, "ಏನಕ್ಕ, ಹೊಸ ಆಳಿಗೆ ಕೂಲಿ ಎಷ್ಟು?" ಎಂದು ಕೂಗಿದ.

ಕುಳ್ಳಮ್ಮ ಬಾನಿಯ ನೀರು ಪೂರ್ತಿ ಸುರಿದು, ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಆಳಲ್ಲ ಕಣ್ಲಾ. ನಮ್ಮನೆಯೋರು."

ಏತದ ಮೇಲಿದ್ದ ಶಿವನಂಜಪ್ಪ ಕಾಲು ತಪ್ಪಿ ಬಾವಿಗೆ ಬೀಳುವುದರಲ್ಲಿದ್ದ, ಹೇಗೋ ಮರ ತಬ್ಬಿಕೊಂಡ.